ಕೆಂಪು ದಾರದ ಹೆಸರುಗಳು

ಮಳವಳ್ಳಿ, ೧೯೩೬ ನವೆಂಬರ್ ೩, ಮಂಗಳವಾರ

ಇವತ್ತು ಶಾಲೆಗೆ ಮಿಸ್ಸಮ್ಮ ಬಂದಿದ್ದಳು. ಮದ್ದೂರಿನ ಮಿಷನ್ ಮನೆಯಲ್ಲಿರುವ ಇಂಗ್ಲಿಷ್ ಹೆಂಗಸು. ಸ್ವಂತ ಹೆಸರು ಏನೋ ಇದೆ, ಸೀಮೆಗೆಲ್ಲ ಮಿಸ್ಸಮ್ಮ. ಬಸ್ಸಿನ ಧೂಳನ್ನು ಮುಖಕ್ಕೆ ಬಳಿದುಕೊಂಡು, ತಲೆಯ ಮೇಲೆ ಕವುಚಿದ ಬುಟ್ಟಿಯಂಥ ಟೋಪಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ನನ್ನ ಇಪ್ಪತ್ತೆರಡು ಹುಡುಗಿಯರೂ ಮಗ್ಗಿ ಬಿಟ್ಟು ಬಾಯಿ ತೆರೆದರು.

"ಕೇರಿಯ ಮಕ್ಕಳು ಬಹಳ ಬಡತನ ಇದ್ದಾನೆ, ತಾವು ಕೃಪೆ ತೋರಿಸತಕ್ಕದ್ದು" ಅಂದಳು. ನಾಲ್ಕು ವರ್ಷದಿಂದ ಕನ್ನಡ ಕಲಿಯುತ್ತಿದ್ದಾಳಂತೆ. ಲಿಂಗ ಗೊತ್ತಿಲ್ಲ, ವಚನ ಗೊತ್ತಿಲ್ಲ, ನಗು ಮಾತ್ರ ಧಾರಾಳ.

ವಿಷಯ ಇಷ್ಟು. ಡಿಸೆಂಬರಿನಲ್ಲಿ ಅವರ ಕ್ರಿಸ್ಮಸ್ ಹಬ್ಬ. ಕೆರೆಯಾಚೆಯ ಆದಿಕರ್ನಾಟಕರ ಕೇರಿಯ ಮಕ್ಕಳಿಗೆಲ್ಲ ಉಡುಗೊರೆ ಕೊಡಬೇಕಂತೆ, ಅವರ ಮತಕ್ಕೆ ಸೇರಿರಲಿ ಬಿಡಲಿ. ಒಂದೊಂದು ಮಗುವಿಗೂ ಒಂದೊಂದು ಬಟ್ಟೆಯ ಚೀಲ, ಅದರೊಳಗೆ ಅಂಗಿಯೋ ಲಂಗವೋ, ಆಟದ ಸಾಮಾನು. ಬೆಂಗಳೂರು ದಂಡಿನಲ್ಲಿರುವ ಅವರ ಚರ್ಚಿನ ಹೆಂಗಸರು ಹೊಲಿದು ಕಳಿಸುತ್ತಾರೆ. ಅದಕ್ಕೆ ಮಕ್ಕಳ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಪಟ್ಟಿ ಬೇಕು. ಊರಲ್ಲಿ ಅವರ ಪ್ರಾರ್ಥನೆಯ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಉಪದೇಶಿ ಮೈಸೂರಿಗೆ ಹೊರಟುಹೋಗಿದ್ದಾನೆ. ಬರೆಯಲು ಬರುವವರು ಬೇಕು.

ನನಗೇಕೆ ಎನ್ನಬೇಕೆಂದಿದ್ದೆ. ಅವಳು ಇನ್‌ಸ್ಪೆಕ್ಟ್ರೆಸ್ಸಮ್ಮನ ಚೀಟಿ ಕೈಗಿತ್ತಳು: "ಅನುಕೂಲವಿದ್ದಷ್ಟು ಸಹಾಯ ಮಾಡುವುದು." ಮೇಲಿನವರು ಅನುಕೂಲ ಎಂದರೆ ಅದು ಹುಕುಂ ಎಂದು ತಿಳಿಯದಷ್ಟು ಹೊಸಬಳಲ್ಲ ನಾನು. ಆಗಲಿ ಎಂದೆ.

ಒಂದು ದಿನ ಅಂಗಿ ತೊಡಿಸಿ, ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ತಾವು ಎಷ್ಟು ದಯಾಳುಗಳು ಎಂದು ಹೇಳಿಕೊಂಡು ತಿರುಗುವ ಜನ.

ನವೆಂಬರ್ ೮, ಭಾನುವಾರ

ಪಟ್ಟಿ ಮಾಡಲು ಹೊರಟೆ. ಕೆರೆ ಏರಿ ದಾಟಿ ಹೊಂಗೆ ಮರದ ತನಕ ಹೋದೆ. ಅಲ್ಲಿಂದ ಕೇರಿಯ ಸೂರುಗಳು ಕಾಣುತ್ತವೆ. ಹೊಗೆ, ಕೋಳಿ, ಯಾರೋ ಯಾರನ್ನೋ ಬೈಯುವ ಸದ್ದು. ಒಳಗೆ ಕಾಲಿಟ್ಟರೆ ಸಂಜೆಯೊಳಗೆ ಅಣ್ಣನ ಕಿವಿಗೆ ಬೀಳುತ್ತದೆ. ಹದಿನೈದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು ನಾನು. ಮೈಸೂರಿಗೆ ಕಳಿಸಿ ಓದಿಸಿದ, ಶಾಲೆ ಕೊಡಿಸಿದ ಎಂದು ತಾಲ್ಲೂಕು ಕಚೇರಿಯಲ್ಲೆಲ್ಲ ಯೋಗಾನರಸಿಂಹಯ್ಯನವರ ಔದಾರ್ಯ ಪ್ರಸಿದ್ಧ. ಅದಕ್ಕೆ ಮೈಲಿಗೆ ತಾಗಬಾರದು.

ಹಿಂದಿರುಗಿದೆ. ಜಗುಲಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಮೂವತ್ತಾರು ಹೆಸರು ಬರೆದೆ. ಕೇರಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಮಿಸ್ಸಮ್ಮನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೂವತ್ತಾರಾದರೆ ಒಂದು ಹಾಳೆಗೆ ಅಚ್ಚುಕಟ್ಟಾಗಿ ಹಿಡಿಯುತ್ತದೆ. ಕರಿಯ ಐವರು, ತಿಪ್ಪ ಮೂವರು, ಕುಳ್ಳ, ಕೆಂಚ, ಮಂಕ. ಹೆಣ್ಣುಗಳಲ್ಲಿ ತಿಪ್ಪಿ ನಾಲ್ವರು, ಕರಿಯಮ್ಮ, ಗುಂಡಿ, ಸೊಟ್ಟಿ. ಇನ್ನೇನು ಇಟ್ಟಿರುತ್ತಾರೆ, ವೈದೇಹಿ ಎಂದು ಇಟ್ಟಿರುತ್ತಾರೆಯೆ? ವಯಸ್ಸನ್ನು ಬಾಯಿಗೆ ಬಂದ ಹಾಗೆ ಹಾಕಿದೆ.

ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ ಬಿದ್ದಿದೆ.

ನವೆಂಬರ್ ೧೦, ಮಂಗಳವಾರ

ಪಟ್ಟಿ ಕೊಟ್ಟೆ. ಮಿಸ್ಸಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಎಷ್ಟು ಮನೆ ತಿರುಗಿದಿರಿ, ಕಾಲು ನೋವು ಬಂತೆ ಎಂದು ಕೇಳಿದಳು. ಇಲ್ಲ ಎಂದೆ. ಅದು ನಿಜವೇ.

ನವೆಂಬರ್ ೧೪, ಶನಿವಾರ

ದೀಪಾವಳಿ. ಅತ್ತಿಗೆ ಪಂಕಜಮ್ಮನಿಗೆ ಬೂದುಗುಂಬಳ ಬಣ್ಣದ ಸೀರೆ, ಮಕ್ಕಳಿಗೆ ರೇಷ್ಮೆ. ನನಗೆ ಪ್ರತಿ ವರ್ಷದಂತೆ ಅಣ್ಣ ಬಿಳಿ ಸೀರೆ ಕೊಟ್ಟ. ಒಳ್ಳೆಯ ಮಗ್ಗದ್ದು ಎಂದ. ಹೌದು, ಒಳ್ಳೆಯ ಮಗ್ಗದ್ದೇ. ಪೆಟ್ಟಿಗೆಯಲ್ಲಿ ಇಂಥವು ಆರು ಮಡಿಕೆ ಬಿಚ್ಚದೆ ಬಿದ್ದಿವೆ.

ಡಿಸೆಂಬರ್ ೧೨, ಶನಿವಾರ

ಮಧ್ಯಾಹ್ನದವರೆಗೆ ಶಾಲೆ, ಆಮೇಲೆ ಬಸ್ಸಿನಲ್ಲಿ ಮದ್ದೂರಿಗೆ. ಬೆಂಗಳೂರಿನ ಸಾಮಾನು ರೈಲಿನಲ್ಲಿ ಬಂದಿದೆ, ಬಂದು ನೋಡಿ, ಪೆಟ್ಟಿಗೆ ನಿಮ್ಮ ಶಾಲೆಯಲ್ಲಿರಲಿ ಎಂದು ಮಿಸ್ಸಮ್ಮ ಕಾಗದ ಹಾಕಿದ್ದಳು.

ಮಿಷನ್ ಮನೆಯ ನಡುಮನೆಯಲ್ಲಿ ತಗಡಿನ ಟ್ರಂಕು ತೆರೆದಿಟ್ಟಿದ್ದಳು. ಕಾಫಿ ಕೊಟ್ಟಳು, ಮುಟ್ಟಲಿಲ್ಲ. ಮೊದಲು ಒಂದು ಟೋಪಿ ತೆಗೆದು ತೋರಿಸಿದಳು. ಕುರಿಯ ಉಣ್ಣೆಯದು! ಶಿಂಷಾ ಹೊಳೆಯ ಮರಳು ಸುಡುವ ಈ ಸೀಮೆಯಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿ. ಆಮೇಲೆ ಜೋಳದ ಕೂದಲಿನ ಬಣ್ಣದ ತಲೆಯ ಗೊಂಬೆಗಳು. ಹಿಮ ಬಿದ್ದ ಮನೆಯ ಚಿತ್ರಗಳು. ನಗು ತಡೆದುಕೊಂಡೆ.

ಆಮೇಲೆ ಚೀಲಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು.

ಮೂವತ್ತಾರು ಚೀಲ. ಒಂದೊಂದರ ಮೇಲೂ ಕೆಂಪು ದಾರದಲ್ಲಿ ಹೆಸರು. ಆ ಹೆಂಗಸರಿಗೆ ಕನ್ನಡ ಬಾರದು. ನನ್ನ ಪಟ್ಟಿಯನ್ನೇ ಬಟ್ಟೆಯ ಕೆಳಗಿಟ್ಟು ಗೆರೆ ಎಳೆದುಕೊಂಡು, ಅಕ್ಷರ ಇದ್ದ ಹಾಗೇ ಕಸೂತಿ ಮಾಡಿದ್ದಾರೆ. 'ಪ್ಪ' ಬರೆಯುವಾಗ ನಾನು ಕೊನೆಯಲ್ಲಿ ಕೊಡುವ ಸಣ್ಣ ಕೊಂಕು ಕೂಡ ಬಿಟ್ಟಿಲ್ಲ. ತಿಪ್ಪಿ. ತಿಪ್ಪಿ. ಸೊಟ್ಟಿ. ಮಂಕ. ನನ್ನ ಕೈಬರಹವೇ ಮೇಜಿನ ತುಂಬ ಮಲಗಿತ್ತು. ಒಂದೊಂದು ಅಕ್ಷರಕ್ಕೂ ಇಪ್ಪತ್ತು ಮೂವತ್ತು ಹೊಲಿಗೆ.

ಒಬ್ಬ ಮುದುಕಿ ಕಣ್ಣು ಕಾಣದಿದ್ದರೂ ಮೂರು ಚೀಲ ಮಾಡಿಕೊಟ್ಟಳಂತೆ. ಈ ತಿಪ್ಪಿ ಯಾರು, ಗೊಂಬೆ ಇಷ್ಟಪಡುತ್ತಾಳೆಯೆ ಎಂದು ಮಿಸ್ಸಮ್ಮ ಕೇಳಿದಳು. ಪಡುತ್ತಾಳೆ ಎಂದೆ. ಹಬ್ಬದ ದಿನ ಹೆಸರು ಕರೆಯುವುದು ನಾನೇ ಆಗಬೇಕಂತೆ, ಮಕ್ಕಳಿಗೆ ನನ್ನ ಪರಿಚಯ ಇದೆಯಲ್ಲ ಎಂದಳು.

ಬಸ್ಸಿನ ಮೇಲೆ ಟ್ರಂಕು ಹಾಕಿಸಿಕೊಂಡು ಬಂದೆ. ದಾರಿಯೆಲ್ಲ ತಲೆನೋವು.

ಡಿಸೆಂಬರ್ ೧೩, ಭಾನುವಾರ

ತಿಪ್ಪಿ ಎಂದು ಕರೆದರೆ ಯಾರೂ ಏಳುವುದಿಲ್ಲ. ಮೂವತ್ತಾರು ಸಲ ಯಾರೂ ಏಳುವುದಿಲ್ಲ. ಮಿಸ್ಸಮ್ಮ ಇನ್‌ಸ್ಪೆಕ್ಟ್ರೆಸ್ಸಿಗೆ ಬರೆಯುತ್ತಾಳೆ. ಸುಳ್ಳು ಪಟ್ಟಿ ಬರೆದ ಹೆಡ್‌ಮಿಸ್ಟ್ರೆಸ್ಸನ್ನು ಸರ್ಕಾರ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಅಣ್ಣನ ಮನೆಯ ಅಡಿಗೆ ಒಲೆ, ನಾನು, ಇಬ್ಬರೇ.

ಉಪಾಯ ಇದೆ. ಆ ಒಂದು ದಿನ ಮಕ್ಕಳು ಈ ಹೆಸರಿಗೆ ಓ ಎಂದರೆ ಸಾಕು. ಅಂಗಿ ಸಿಗುತ್ತದೆ, ಅವರಿಗೇನು ನಷ್ಟ? ಕೇರಿಯ ಸೂಲಗಿತ್ತಿ ಶಿವನಂಜಮ್ಮನ ಮಾತನ್ನು ಅಲ್ಲಿ ಎಲ್ಲರೂ ಕೇಳುತ್ತಾರೆ. ನಾಳೆ ಶಾಲೆಯ ಹಿತ್ತಿಲಿಗೆ ಬಾ ಎಂದು ಹೇಳಿ ಕಳಿಸಿದ್ದೇನೆ.

ಡಿಸೆಂಬರ್ ೧೪, ಸೋಮವಾರ

ಬಂದಳು. ಹಿತ್ತಿಲ ಬೇಲಿಯಾಚೆ ನಿಂತಳು, ನಾನು ಮೆಟ್ಟಿಲ ಮೇಲೆ. ಅರವತ್ತು ದಾಟಿದ ಹೆಂಗಸು, ಎಲೆಅಡಿಕೆಯ ಬಾಯಿ. ವಿಷಯ ಹೇಳಿದೆ, ಪಟ್ಟಿ ಓದಿದೆ. ಕೊನೆಯವರೆಗೆ ಕೇಳಿಸಿಕೊಂಡು, ಪಕ್ಕಕ್ಕೆ ಉಗುಳಿ, ಕೇಳಿದಳು:

"ಈ ಎಸ್ರೆಲ್ಲ ಯಾರ್ದು ಅಮ್ಮೋರೆ?"

ಯಾರದ್ದಾದರೇನು, ಒಂದು ದಿನದ ಮಟ್ಟಿಗೆ ತಾನೆ ಎಂದೆ.

"ನಮ್ ಕೇರೀಲಿ ತಿಪ್ಪಿ ಅನ್ನೋಳು ಒಬ್ಳೂ ಇಲ್ಲ ಕಣ್ರವ್ವ. ನಾಕ್ ಜನ ಬರ್ದಿದ್ದೀರಿ. ಅಲ್ಲಿರೋ ಅಷ್ಟೂ ಮಕ್ಳು ಬಿದ್ದಿದ್ದು ನನ್ ಕೈಗೆ. ಎಸ್ರು ಇಡೋವಾಗ್ಲೂ ನಾನೇ ಇದ್ದೆ. ನಿಮ್ ಅತ್ತಿಗಮ್ಮೋರ ಕಿರೀ ಮಗಾನೂ ನನ್ ಕೈಗೇ ಬಿತ್ತು. ಆವತ್ತು ಒಳೀಕೆ ಬಾ ಅಂದ್ರಿ, ಬಂದೆ. ಇವತ್ತು ಬೇಲಿ ತಾವ ನಿಲ್ಸಿ, ಮಕ್ಳ ಎಸ್ರು ಬುಟ್ಬುಡಿ ಅಂತೀರಿ. ಆಗಾಕಿಲ್ಲ."

ಅಂಗಿ ಬೇಡವೆ ಎಂದು ಗದರಿದೆ.

"ಅಂಗಿ ಬ್ಯಾಡ ಅಂದೋರ್ಯಾರು? ನೀವೇ ಬನ್ನಿ. ಒಂದೊಂದ್ ಮನೆ ಬಾಗ್ಲಲ್ಲಿ ನಿಂತ್ಕಂಡು ಕೇಳಿ. ಬಾಯಿ ಇರೋ ಮಕ್ಳು, ಏಳ್ತವೆ."

ಹೇಳಿ ಹೊರಟೇಹೋದಳು. ನನ್ನ ಅಪ್ಪಣೆ ಕೂಡ ಕಾಯಲಿಲ್ಲ. ಇಂಥ ಸೊಕ್ಕು ನೋಡಿರಲಿಲ್ಲ.

ಡಿಸೆಂಬರ್ ೧೬, ಬುಧವಾರ

ಹೋಗಿ ಬಂದೆ. ಬೇರೆ ದಾರಿ ಇರಲಿಲ್ಲ.

ಶಾಲೆ ಬಿಟ್ಟ ಮೇಲೆ ಕೆರೆ ಏರಿ ಹಿಡಿದು, ಹೊಂಗೆ ಮರ ದಾಟಿ ಒಳಗೆ ನಡೆದೆ. ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ. ಕೆಸರಿರಲಿಲ್ಲ. ಅಂಗಳ ಸಾರಿಸಿ ರಂಗೋಲಿ ಎಳೆದಿದ್ದರು, ನಮ್ಮ ಬೀದಿಯಂತೆಯೇ ಧನುರ್ಮಾಸದ ರಂಗೋಲಿ. ಇವರಿಗೇಕೆ ಧನುರ್ಮಾಸ ಎಂದುಕೊಂಡೆ. ಶಿವನಂಜಮ್ಮ ಮುಂದೆ, ನಾನು ನಾಲ್ಕು ಮಾರು ಹಿಂದೆ. ನನ್ನ ನೆರಳು ಯಾರ ಮೇಲೆ ಬೀಳುತ್ತದೋ ಎಂದು ನಾನು ನೋಡಿಕೊಳ್ಳುತ್ತಿದ್ದರೆ, ಅವರ ನೆರಳು ನನಗೆ ಬೀಳದಂತೆ ಅವರೇ ಸರಿಯುತ್ತಿದ್ದರು. ಇಷ್ಟು ಜನ ಇಷ್ಟು ಹುಷಾರಾಗಿ ಇನ್ನೊಬ್ಬರಿಂದ ತಪ್ಪಿಸಿಕೊಂಡು ನಡೆಯುವುದನ್ನು ನೋಡಿದರೆ ನಗು ಬರಬೇಕು. ಬರಲಿಲ್ಲ, ಬಿಸಿಲಿತ್ತು.

ಮೊದಲ ಮನೆಯ ಮಲ್ಲಿಗಮ್ಮ ಎಂಬುವಳು ಮಗುವನ್ನು ಬೆನ್ನ ಹಿಂದೆ ಮರೆಮಾಡಿ, ಬಟ್ಟೆ ಕೊಟ್ಟು ಕುಲ ಕೆಡಿಸುತ್ತಾರಂತಲ್ಲ ಎಂದು ಕೇಳಿದಳು. ಕುಲ ಕೆಡಿಸುವಷ್ಟು ಬಟ್ಟೆ ಆ ಚೀಲದಲ್ಲಿಲ್ಲ ಎಂದೆ. ಅವಳು ನಕ್ಕುಬಿಟ್ಟಳು. ಮಗು ಹೊರಗೆ ಬಂತು. ಚಿಕ್ಕಮಾದು, ಐದು ವರ್ಷ, ಚಳಿಜ್ವರದ ಹೊಟ್ಟೆ. ನಾಲೆ ನೀರು ಬಂದ ಮೇಲೆ ಅರ್ಧ ಮಕ್ಕಳಿಗೆ ಈ ಜ್ವರ.

ಶಿವನಂಜಮ್ಮ ಒಂದೊಂದು ಹೆಸರಿಗೂ ಒಂದೊಂದು ಪುರಾಣ ಹೇಳಿದಳು, ಬೇಡವೆಂದರೂ. ಪುಟ್ಟಮಾದಯ್ಯ ಎಂದು ತಾತನ ಹೆಸರಿಟ್ಟದ್ದು, ತಾತ ಸತ್ತ ದಿನವೇ ಹುಟ್ಟಿದನಂತೆ. ಮುತ್ತಮ್ಮ ಮುತ್ತತ್ತಿಗೆ ಹರಕೆ ಹೊತ್ತು ಹುಟ್ಟಿದವಳು. ಅವಳಿಗಿಂತ ಮುಂಚೆ ಹುಟ್ಟಿದ ಮೂರೂ ಉಳಿಯಲಿಲ್ಲ. ಸಿದ್ದಾಜಿ, ಮಂಟಯ್ಯ, ಕೆಂಪಸಿದ್ದಿ, ದೊಡ್ಡತಾಯಿ. ಕರಿಯ ಒಬ್ಬನಿದ್ದ. ಬೆಳ್ಳಗಿದ್ದ.

ರಾಚಮ್ಮ ಎಂಬ ಎಂಟು ವರ್ಷದವಳು ನಾನು ಬರೆಯುವುದನ್ನೇ ನೋಡುತ್ತ ಹಿಂದೆ ಹಿಂದೆ ಬಂದಳು. ತನ್ನದಾದ ಮೇಲೆ "ನಂದು ಬರ್ದ್ರಾ? ತೋರ್ಸಿ" ಎಂದಳು. ಹಾಳೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದೆ. ಮೂರು ಅಕ್ಷರ. ಬಹಳ ಹೊತ್ತು ನೋಡಿ, "ಇಷ್ಟೇಯಾ?" ಎಂದಳು. ಮುಖದಲ್ಲಿ ಎಂಥ ತಾತ್ಸಾರ!

ಒಟ್ಟು ನಲವತ್ತೊಂದು ಮಕ್ಕಳು. ನಾನು ಬರೆದದ್ದು ಮೂವತ್ತಾರು. ಗಂಡುಮಕ್ಕಳಿಗೆ ಸರಿಹೋಗುತ್ತದೆ, ಐದು ಹುಡುಗಿಯರಿಗೆ ಏನೂ ಇಲ್ಲ.

ಮನೆಗೆ ಬಂದು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡೆ. ಅತ್ತಿಗೆ ಏಕೆಂದು ಕೇಳಿದಳು. ಸೆಕೆ ಎಂದೆ, ಮಾರ್ಗಶಿರದಲ್ಲಿ.

ಡಿಸೆಂಬರ್ ೧೭, ಗುರುವಾರ

ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ಚೀಲದ ಹೆಸರುಗಳನ್ನು ಬಿಚ್ಚಲು ಕೂತೆ. ಬೆಂಗಳೂರಿನವರ ಹೊಲಿಗೆ ಗಟ್ಟಿ. 'ಸೊಟ್ಟಿ' ಒಂದಕ್ಕೇ ಅರ್ಧ ಗಂಟೆ ಹಿಡಿಯಿತು. ಇವತ್ತು ಏಳು ಮುಗಿಯಿತು.

ಡಿಸೆಂಬರ್ ೧೮

ಹತ್ತು. ಬೆರಳ ತುದಿ ಕಿತ್ತುಹೋಗಿದೆ.

ಡಿಸೆಂಬರ್ ೧೯, ಶನಿವಾರ

ಬಿಚ್ಚುವುದು ಮುಗಿಯಿತು. ದಾರ ಹೋದರೂ ಬಟ್ಟೆಯಲ್ಲಿ ಸೂಜಿಯ ತೂತು ಉಳಿದಿದೆ. ಬೆಳಕಿಗೆ ಹಿಡಿದರೆ ತಿಪ್ಪಿ ಎಂದು ಇನ್ನೂ ಓದಬಹುದು. ನೀರು ಚಿಮುಕಿಸಿ ಉಜ್ಜಿದೆ, ಇಸ್ತ್ರಿ ಮಾಡಿದೆ, ಹೋಗಲಿಲ್ಲ. ಅದರ ಮೇಲೆಯೇ ಹೊಸ ಹೆಸರು ಹೊಲಿಯಬೇಕು.

ಆ ಐದು ಹುಡುಗಿಯರಿಗೆ ಅಣ್ಣ ದೀಪಾವಳಿಗೆ ಕೊಟ್ಟ ಸೀರೆ ಕತ್ತರಿಸಿದೆ. ಐದು ಲಂಗ, ಐದು ಚೀಲ, ಲೆಕ್ಕ ಮಾಡಿದ ಹಾಗೆ ಸರಿಹೋಯಿತು. ಬರೀ ಬಿಳಿ ತೊಡಿಸಿದರೆ ತಾಯಂದಿರು ಬೈಯುತ್ತಾರೆ. ಲಂಗದ ಅಂಚಿಗೆ ಕೆಂಪು ದಾರದ ಎರಡು ಸಾಲು ಓಡಿಸಬೇಕು. ಆ ರಾಚಮ್ಮ ತಾತ್ಸಾರ ಮಾಡದ ಹಾಗಿರಬೇಕು. ಗೊಂಬೆಗೆ ಏನು ಮಾಡುವುದೋ ತಿಳಿಯದು. ಹಳದಿ ಕೂದಲಿನ ಗೊಂಬೆ ಹೊಲಿಯುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ. ಕಪ್ಪು ದಾರದ್ದೇ ಜಡೆ ಹಾಕಿದರೆ ಸಾಕು.

ಡಿಸೆಂಬರ್ ೨೦, ಭಾನುವಾರ

ಅಣ್ಣ ಊಟವಾದ ಮೇಲೆ ಕರೆದ. ಯಾರೋ ನೋಡಿದವರು ಹೇಳಿದ್ದಾರೆ.

"ಗೋದಾ, ನೀನು ಆಚೆ ಕೇರಿಗೆ ಹೋಗಿದ್ದೆಯಂತೆ."

"ಹೋಗಿದ್ದೆ."

"ಒಳಗೇ?"

"ಹೊರಗೆ ನಿಂತರೆ ಹೆಸರು ಕೇಳಿಸುವುದಿಲ್ಲ."

ಅವನು ಕೂಗಾಡಲಿಲ್ಲ. ಕೂಗಾಡುವವನಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ನಾಲ್ಕು ಜನ ಏನೆನ್ನುತ್ತಾರೆ ಎಂದ. ಪುರೋಹಿತರನ್ನು ಕರೆಸುತ್ತೇನೆ, ಪಂಚಗವ್ಯ ತೆಗೆದುಕೊಂಡು ಪ್ರಾಯಶ್ಚಿತ್ತ ಮಾಡಿಕೊ ಎಂದ. ಇಪ್ಪತ್ತೈದು ಕಳೆಯಲಿ, ಏನು ಕೊಟ್ಟರೂ ಕುಡಿಯುತ್ತೇನೆ ಎಂದೆ. ಅತ್ತಿಗೆ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅವಳ ಕಿರಿಯ ಮಗ ಯಾರ ಕೈಗೆ ಬಿದ್ದವನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಹೊತ್ತಿನಲ್ಲಿ ಅವಳ ಮುಖವೇ ಅದನ್ನು ನೆನೆಯುತ್ತಿತ್ತು.

ಡಿಸೆಂಬರ್ ೨೨, ಮಂಗಳವಾರ

ಮಿಸ್ಸಮ್ಮ ಹೇಳದೆ ಬಂದಳು. ನಾನು ಮುತ್ತಮ್ಮನ 'ತ್ತ' ಹೊಲಿಯುತ್ತಿದ್ದೆ. ಚೀಲವನ್ನು ತೆಗೆದು ನೋಡಿದಳು, ಬೆಳಕಿಗೆ ಹಿಡಿದಳು. ತೂತುಗಳ ಮೇಲೆ ಬೆರಳಾಡಿಸಿದಳು. ತಿಪ್ಪಿ ಎಲ್ಲಿ ಎಂದು ಕೇಳಿದಳು.

ಇನ್ನೊಂದು ಸುಳ್ಳು ಸಿದ್ಧವಿತ್ತು. ಬೇಸರವಾಯಿತು. ತಿಪ್ಪಿ ಎಂಬುವಳು ಇಲ್ಲವೇ ಇಲ್ಲ, ನಾನು ಕೇರಿಗೆ ಹೋಗಿರಲಿಲ್ಲ, ಜಗುಲಿಯಲ್ಲಿ ಕೂತು ಬಾಯಿಗೆ ಬಂದದ್ದು ಬರೆದೆ ಎಂದು ಎಲ್ಲ ಹೇಳಿದೆ. ಆಮೇಲೆ ಹೋಗಿ ಕೇಳಿ ಬಂದದ್ದನ್ನೂ ಹೇಳಿದೆ.

ಅವಳ ಮುಖ ಕೆಂಪಾಯಿತು. ಕಣ್ಣೀರು ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ.

"ನೀವು ಸುಳ್ಳು ಬರೆದಿರಿ" ಎಂದಳು. "ಆ ಮಕ್ಕಳನ್ನು ನೀವು ಮನುಷ್ಯರೆಂದು ಎಣಿಸಲಿಲ್ಲ."

ನನ್ನ ಮುಂದೆ ಅವಳಾಡಿದ ಮೊದಲ ತಪ್ಪಿಲ್ಲದ ವಾಕ್ಯಗಳು. ತಿದ್ದಲು ಏನೂ ಸಿಗಲಿಲ್ಲ.

ಇನ್‌ಸ್ಪೆಕ್ಟ್ರೆಸ್ಸಿಗೆ ಬರೆಯುವುದಿಲ್ಲವಂತೆ. ಆದರೆ ಹಬ್ಬದ ದಿನ ಹೆಸರು ಕರೆಯುವ ಕೆಲಸ ನನ್ನದಲ್ಲ, ಅವಳೇ ಕರೆಯುತ್ತಾಳೆ. ಒಳ್ಳೆಯದಾಯಿತು. ಬಿಸಿಲಲ್ಲಿ ನಿಲ್ಲುವುದು ತಪ್ಪಿತು. ಉಳಿದ ಚೀಲಗಳನ್ನು ಮುಗಿಸಿ ಕಳಿಸುತ್ತೇನೆ ಎಂದೆ. ಟೋಪಿ ತಲೆಗಿಟ್ಟುಕೊಂಡು ಹೋದಳು.

ಡಿಸೆಂಬರ್ ೨೪, ಗುರುವಾರ

ಏಕಾದಶಿ. ಉಪವಾಸ. ಮನೆಯವರೆಲ್ಲ ದೇವಸ್ಥಾನಕ್ಕೆ ಹೋದರು. ನಾನು ಶಾಲೆಯಲ್ಲಿ ಕೂತು ಕೊನೆಯ ಆರು ಹೆಸರು ಹೊಲಿದು, ಟ್ರಂಕನ್ನು ಕೊಟ್ಟಿಗೆಗೆ ಕಳಿಸಿದೆ. ನಲವತ್ತೊಂದು. 'ರಾಚಮ್ಮ' ಎರಡು ಸಲ ಬಿಚ್ಚಿ ಹೊಲಿದೆ, 'ಚ' ಸೊಟ್ಟಗಿತ್ತು.

ಡಿಸೆಂಬರ್ ೨೫, ಶುಕ್ರವಾರ

ನನ್ನ ಕತ್ತರಿ ಟ್ರಂಕಿನಲ್ಲೇ ಉಳಿದುಹೋಗಿತ್ತು. ತರಲು ಹೋದೆ.

ಕೊಟ್ಟಿಗೆಯ ಮುಂದಿನ ಹುಣಸೆ ಮರದ ಕೆಳಗೆ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಹಿಂದೆ ತಾಯಂದಿರು. ಶಿವನಂಜಮ್ಮ ಬೇರಿನ ಮೇಲೆ ಕೂತು ಎಲೆ ಹಾಕುತ್ತಿದ್ದಳು. ನನ್ನನ್ನು ನೋಡಿ ಸ್ವಲ್ಪ ಜರುಗಿದಳು, ನನಗೆ ಜಾಗ ಎಂಬಂತೆ. ನಾನು ರಸ್ತೆಯಂಚಿನಲ್ಲೇ ನಿಂತೆ.

ಮಿಸ್ಸಮ್ಮ ಪ್ರಾರ್ಥನೆ ಹೇಳಿ, ಮೊದಲ ಚೀಲ ಎತ್ತಿ ಓದಿದಳು: "ಸಿಕ್ಕಮಾಡೂ."

ಯಾರೂ ಏಳಲಿಲ್ಲ. ಇನ್ನೊಮ್ಮೆ ಓದಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯದು ತೆಗೆದಳು. "ರಕಾಮ್ಮ." ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ರಾಚಮ್ಮ ಮುಂದಿನ ಸಾಲಿನಲ್ಲೇ ಕೂತು, ಆ ರಕಾಮ್ಮ ಯಾರಿರಬಹುದೆಂದು ಕತ್ತು ತಿರುಗಿಸಿ ಹುಡುಕುತ್ತಿದ್ದಳು. ಮಿಸ್ಸಮ್ಮನ ಹಣೆಯಲ್ಲಿ ಬೆವರು. ಮೂರನೆಯದನ್ನು ಅವಳು ಏನೆಂದಳೋ ಬರೆಯಲು ಕನ್ನಡದಲ್ಲಿ ಅಕ್ಷರವಿಲ್ಲ.

ಒಂದು ವಾರ ಕಣ್ಣು ಕಳೆದುಕೊಂಡು ಹೊಲಿದ ಹೆಸರುಗಳನ್ನು ಹೀಗೆ ಜಜ್ಜುವುದನ್ನು ಕೇಳುತ್ತ ನಿಲ್ಲಲು ನನಗೆ ಆಗುವುದಿಲ್ಲ. ಉಚ್ಚಾರ ಎಂಬುದೊಂದಿದೆ. ಹೋಗಿ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡೆ. ಅವಳು ಬಿಡಲಿಲ್ಲ ಮೊದಲು. ಆಮೇಲೆ ಬಿಟ್ಟಳು.

ಮೊದಲ ಚೀಲದಿಂದಲೇ ಶುರುಮಾಡಿ, ತಾಯಂದಿರು ಕರೆಯುವ ಹಾಗೆ, ಕೊನೆಯ ಅಕ್ಷರ ಎಳೆದು ಕರೆದೆ: "ಚಿಕ್ಕಮಾದೂ."

ಇರುವೆ ಕಚ್ಚಿದವನಂತೆ ಎದ್ದು ನಿಂತ.

ನಲವತ್ತೊಂದು ಹೆಸರು ಕರೆದೆ. ಒಂದೊಂದು ಮಗುವೂ ಎದ್ದು ಬಂದಿತು. ಚೀಲವನ್ನು ನನ್ನ ಕೈಯಿಂದಲೇ ತೆಗೆದುಕೊಂಡವು. ನೆಲದ ಮೇಲಿಟ್ಟು ಕೊಡಬೇಕಿತ್ತು, ಅಷ್ಟು ಹೊತ್ತಿಗೆ ಯಾರಿಗೆ ಬಗ್ಗಲು ಸೊಂಟವಿದೆ. ಉಣ್ಣೆಯ ಟೋಪಿಗಳನ್ನು ಹುಡುಗರು ಆಗಲೇ ಚೆಂಡು ಮಾಡಿಕೊಂಡು ಆಡಲು ಶುರುಮಾಡಿದ್ದರು. ಅದಕ್ಕೇ ಸರಿ. ರಾಚಮ್ಮ ಬಿಳಿ ಲಂಗವನ್ನು ಮೈಗೆ ಹಿಡಿದು ಅಂಚಿನ ದಾರ ನೋಡಿಕೊಂಡಳು. ಏನಾದರೂ ಹೇಳುತ್ತಾಳೆಂದು ನಾನೇಕೆ ನಿಂತಿದ್ದೆನೋ.

ಬಿಳಿ ಲಂಗದ ಐದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ದೇವದೂತರ ಹಾಗಿದ್ದಾರೆ ಎಂದಳು ಮಿಸ್ಸಮ್ಮ. ಅದು ವಿಧವೆಯ ಸೀರೆ ಎಂದು ನಾನು ಹೇಳಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು ಕೈ ಮುಗಿದಳು, ಬಾಯಿ ಬಿಡಲಿಲ್ಲ. ಅದೇ ಕ್ಷೇಮ.

ಕತ್ತರಿ ಮರೆತು ಬಂದಿದ್ದೇನೆ.

ಡಿಸೆಂಬರ್ ೨೭, ಭಾನುವಾರ

ಪುರೋಹಿತರು ಬೆಳ್ಳಿ ಬಟ್ಟಲಿಟ್ಟುಕೊಂಡು ಕೂತಿದ್ದರು. ಮಾಡಿದ ದೋಷವನ್ನು ಬಾಯಿಬಿಟ್ಟು ಹೇಳು, ಸಂಕಲ್ಪ ಮಾಡಬೇಕು ಎಂದರು. ಹೇಳಿದೆ: ನಲವತ್ತೊಂದು ಮಕ್ಕಳಲ್ಲಿ ಒಬ್ಬರನ್ನೂ ಕಣ್ಣೆತ್ತಿ ನೋಡದೆ ತಿಪ್ಪ, ಮಂಕ ಎಂದು ಬರೆದೆ. ಕಣ್ಣು ಕಾಣದ ಮುದುಕಿಯ ಕೈಯಲ್ಲಿ ಅದನ್ನು ಹೊಲಿಸಿದೆ. ಇದಕ್ಕೆ ಏನು ವಿಧಿ?

ಅದಲ್ಲ, ಕೇರಿಗೆ ಹೋದದ್ದು ಎಂದರು.

ಅದು ದೋಷ ಎಂದು ನನಗೆ ಅನ್ನಿಸುತ್ತಿಲ್ಲ, ಮೊದಲನೆಯದಕ್ಕೆ ಇದ್ದರೆ ಹೇಳಿ ಎಂದೆ. ಅವರು ಅಣ್ಣನ ಮುಖ ನೋಡಿದರು. ನಲವತ್ತು ವರ್ಷ ಮಂತ್ರ ಹೇಳಿದ ಮನುಷ್ಯ, ಇಷ್ಟಕ್ಕೆ ತಡವರಿಸಿದರು. ಬಟ್ಟಲು ಹಾಗೇ ಉಳಿಯಿತು.

ಇವತ್ತಿನಿಂದ ನನ್ನ ಊಟ ಹಜಾರಕ್ಕೆ ಬರುತ್ತದೆ. ಅಲ್ಲಿ ಗಾಳಿ ಚೆನ್ನಾಗಿದೆ. ಅತ್ತಿಗೆ ಎಲೆ ಹಾಕಿ ಹೋಗುವಾಗ ಯಾರೂ ಕಾಣದಂತೆ ಒಂದು ಸೌಟು ತುಪ್ಪ ಹೆಚ್ಚಾಗಿ ಬಡಿಸಿದಳು. ಹುಚ್ಚಿ.

೧೯೩೭ ಜನವರಿ ೪, ಸೋಮವಾರ

ರಜ ಮುಗಿದು ಶಾಲೆ ತೆರೆಯಿತು. ಪ್ರಾರ್ಥನೆ ಆಗುವಾಗ ಹಿತ್ತಿಲ ಬೇಲಿಯಲ್ಲ, ಮುಂಬಾಗಿಲಲ್ಲೇ ಶಿವನಂಜಮ್ಮ. ಹಿಂದೆ ಮೂವರು: ರಾಚಮ್ಮ, ಮುತ್ತಮ್ಮ, ದೊಡ್ಡತಾಯಿ. ಹೊಸ ಲಂಗ.

ಏನೆಂದು ಕೇಳಿದೆ.

"ಎಸ್ರು ಬರ್ಕೊಂಡ್ ಓದ್ರಲ್ಲ ಅಮ್ಮೋರೆ," ಎಂದಳು. "ಈಗ ಆ ಎಸ್ರು ಬರ್ಯಾಕೆ ಇವ್ಕೂ ಕಲ್ಸಿ."

ಎಂಥ ಜಾಣ ಮುದುಕಿ! ಒಂದು ಲಂಗ ಕೊಟ್ಟರೆ ಶಾಲೆಯನ್ನೇ ಕೇಳುತ್ತಾಳೆ. ಇದಕ್ಕೇ ಇವರಿಗೆ ಸಲಿಗೆ ಕೊಡಬಾರದು ಎನ್ನುವುದು. ಸರ್ಕಾರದ ಆರ್ಡರು ಇದೆ, ಯಾರು ಬಂದರೂ ಸೇರಿಸಿಕೊಳ್ಳಬೇಕೆಂದು. ಇಪ್ಪತ್ತು ವರ್ಷದಿಂದ ಇದೆ. ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ಯಾರೂ ಬಂದಿರಲಿಲ್ಲ, ಬಾ ಎಂದು ನಾನೂ ಕರೆದಿರಲಿಲ್ಲ.

ಹಾಗೆಂದು ಬಾಗಿಲಲ್ಲಿ ನಿಲ್ಲಿಸಿ ವಾದ ಮಾಡಲು ಸಾಧ್ಯವೆ, ಪಾಠದ ಹೊತ್ತು. ಒಳಗೆ ಬನ್ನಿ ಎಂದೆ. ಹಿಂದೆ ಕೂರಲು ಹೋದರು. ಹಿಂದಿನ ಬೆಳಕು ಸಾಲದು, ಮುಂದೆ ಕೂರಿಸಿದೆ.

ಜನವರಿ ೬, ಬುಧವಾರ

ನಿನ್ನೆ ಏಳು ಹುಡುಗಿಯರು ಬರಲಿಲ್ಲ, ಇವತ್ತು ಹನ್ನೊಂದು. ಊರ ಮುಖಂಡರು ನನ್ನ ವರ್ಗಾವಣೆಗೆ ಅರ್ಜಿ ಬರೆದಿದ್ದಾರೆ. ಸಹಿ ಮಾಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅಣ್ಣ ಅದನ್ನು ಮನೆಗೆ ತಂದಿದ್ದ, ಹಜಾರದ ಮೇಜಿನ ಮೇಲಿತ್ತು, ಓದಿದೆ. ಆರು ಸಾಲಿನಲ್ಲಿ ಮೂರು ಕಾಗುಣಿತದ ತಪ್ಪು. ಕೆಂಪು ಪೆನ್ಸಿಲಿನಿಂದ ತಿದ್ದಿ ಅಲ್ಲೇ ಇಟ್ಟಿದ್ದೇನೆ. ಕಳಿಸುವುದಾದರೆ ಸರಿಯಾಗಿ ಕಳಿಸಲಿ.

ದೊಡ್ಡತಾಯಿ, ಮುತ್ತಮ್ಮ ಪರವಾಗಿಲ್ಲ. ರಾಚಮ್ಮನಿಗೆ ಮಾತ್ರ ತಲೆಯೇ ಇಲ್ಲ. 'ರ' ಬರೆ ಎಂದರೆ ಎರಡು ದಿನದಿಂದ ಕಡುಬು ಬರೆಯುತ್ತಿದ್ದಾಳೆ. ಕೈ ಹಿಡಿದು ತಿದ್ದಿಸಿದೆ. ಕೈ ಬಿಟ್ಟೊಡನೆ ಮತ್ತೆ ಕಡುಬು. ತಪ್ಪೆಂದರೆ, ಇದೇ ಚೆನ್ನಾಗಿದೆ ಎಂದು ಎದುರು ಹೇಳುತ್ತಾಳೆ. ಇಂಥ ದಡ್ಡಿಯನ್ನು ನನ್ನ ಹದಿನೆಂಟು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ.

ನಾಳೆ ಅರ್ಧ ಗಂಟೆ ಮುಂಚೆ ಬಾ ಎಂದು ಹೇಳಿ ಕಳಿಸಿದ್ದೇನೆ.